ಪಾರ್ಶ್ವವಾಯುವಿನ ಮುನ್ಸೂಚನೆಗೆ ಯಾವ ಅಳತೆಯನ್ನು ನಂಬಬೇಕು: ತೂಕವನ್ನೇ, ಹೊಟ್ಟೆಯ ಸುತ್ತಳತೆಯನ್ನೇ, ರಕ್ತದ ಸೂಚ್ಯಂಕಗಳನ್ನೇ?

ಅಳತೆಪಟ್ಟಿ

ಎರಡು ತಿಂಗಳ ಹಿಂದೆ ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಅವನಿಗೆ 58 ವರ್ಷ. ಬಲಗೈಯ ಶಕ್ತಿ ಬಹುಮಟ್ಟಿಗೆ ಮರಳಿದೆ, ಮಾತು ಮಾತ್ರ ಇನ್ನೂ ಹುಡುಕಿ ಹುಡುಕಿ ಬರುತ್ತದೆ. ಅವನು ಮೊದಲಿನಿಂದಲೂ ಸ್ಥೂಲಕಾಯದವನು; ನಾನು ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವನು. ‘ಅವನು ದಪ್ಪಗಿದ್ದ, ಅದಕ್ಕೇ ಬಂತು, ನಿನಗೇನೂ ಆಗದು’ ಎಂದು ಮನೆಯವರು ಹೇಳಿದ ಸಮಾಧಾನ ನನಗೆ ಸಾಲಲಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಂಡು, ಟೇಪು ಹಿಡಿದು ಮೈ ಅಳೆದುಕೊಂಡು, ಸಿಕ್ಕ ಸಂಖ್ಯೆಗಳನ್ನೆಲ್ಲ ಒಂದು ಮೊಬೈಲ್ ಆ್ಯಪ್‌ಗೆ ತುಂಬಿದೆ. ಗೊಂದಲ ಶುರುವಾದದ್ದು ಅಲ್ಲಿಂದ.

ನನಗೆ 52 ವರ್ಷ, ಎತ್ತರ 168 ಸೆಂ.ಮೀ., ತೂಕ 68 ಕಿಲೊ. ಅಂದರೆ ಬಿಎಂಐ (ಕಿಲೊ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 24.1. ಆ್ಯಪ್ ಇದಕ್ಕೆ ಹಸಿರು ಬಣ್ಣ ಕೊಟ್ಟಿತು. ಹೊಟ್ಟೆಯ ಸುತ್ತಳತೆ 96 ಸೆಂ.ಮೀ., ನಿತಂಬದ ಸುತ್ತಳತೆ 97. ಇವುಗಳ ಅನುಪಾತಕ್ಕೆ ಕೆಂಪು. ಖಾಲಿಹೊಟ್ಟೆಯ ಸಕ್ಕರೆ 108, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 190, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 38, ರಕ್ತದೊತ್ತಡ 138/86, ಇವಕ್ಕೆ ಹಳದಿ. ಇಷ್ಟು ಸಾಲದೆಂಬಂತೆ, ಟ್ರೈಗ್ಲಿಸರೈಡ್ ಮತ್ತು ಸಕ್ಕರೆಯನ್ನು ಕೂಡಿಸಿ ಲೆಕ್ಕ ಹಾಕುವ ಟಿವೈಜಿ ಸೂಚ್ಯಂಕ ಎಂಬುದೊಂದನ್ನು ತೋರಿಸಿ, ಅದು 9.24 ಇರುವುದರಿಂದ ಪಾರ್ಶ್ವವಾಯುವಿನ ಅಪಾಯ ‘ಅತಿ ಹೆಚ್ಚು’ ಎಂದು ಬರೆಯಿತು. ಬೇರೊಂದು ಜಾಲತಾಣದಲ್ಲಿ ಇದೇ ಅಂಕಿಗಳನ್ನು ಹಾಕಿದರೆ ಅದೇ ಸೂಚ್ಯಂಕ 4.96 ಎಂದು ಬಂತು.

ಇಷ್ಟು ಅಳತೆಗಳಲ್ಲಿ ನಿಜವಾಗಿ ಮುಂದಿನದನ್ನು ಹೇಳಬಲ್ಲದ್ದು ಯಾವುದು? ಒಂದು ಹಸಿರು, ಒಂದು ಕೆಂಪು ಎಂದಾಗ ಯಾವುದರ ಮಾತು ಕೇಳಬೇಕು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ನಾಡಿಮಿಡಿತ

ನಾನು ಪಾರ್ಶ್ವವಾಯು ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿರುವವನು. ನಿಮ್ಮ ಮನೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದೇ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ದಪ್ಪಗಿರುವುದಕ್ಕೂ ಪಾರ್ಶ್ವವಾಯುವಿಗೂ ಇರುವ ಸಂಬಂಧ ನೇರವಾದದ್ದಲ್ಲ, ಅದು ಬಹುಪಾಲು ರಕ್ತದೊತ್ತಡದ ಮೂಲಕ ಹಾದು ಬರುತ್ತದೆ. 97 ದೀರ್ಘಕಾಲೀನ ಅಧ್ಯಯನಗಳ, ಒಟ್ಟು ಸುಮಾರು 18 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆಚ್ಚಿನ ಬಿಎಂಐಯಿಂದ ಬರುವ ಪಾರ್ಶ್ವವಾಯುವಿನ ಹೆಚ್ಚುವರಿ ಅಪಾಯದಲ್ಲಿ ಮುಕ್ಕಾಲು ಪಾಲನ್ನು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಈ ಮೂರೇ ವಿವರಿಸುತ್ತವೆ, ಮತ್ತು ಆ ಮೂರರಲ್ಲಿ ಸಿಂಹಪಾಲು ರಕ್ತದೊತ್ತಡದ್ದು. ಹೃದಯಾಘಾತದ ವಿಷಯದಲ್ಲಿ ಈ ಮೂರೂ ಸೇರಿ ವಿವರಿಸುವುದು ಸುಮಾರು ಅರ್ಧವನ್ನು ಮಾತ್ರ. ಮಿದುಳಿನ ರಕ್ತನಾಳಗಳು ಒತ್ತಡಕ್ಕೆ ಎಷ್ಟು ಸೂಕ್ಷ್ಮವೆಂಬುದು ಈ ವ್ಯತ್ಯಾಸದಲ್ಲೇ ಕಾಣುತ್ತದೆ.

ಇನ್ನು ಹೊಟ್ಟೆಯ ವಿಚಾರ. ಚರ್ಮದ ಕೆಳಗಿನ ಕೊಬ್ಬು ಬೇರೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಒಳಗಿನ ಕೊಬ್ಬು ಬೇರೆ. ಒಳಗಿನದು ಸದಾ ಕೊಬ್ಬಿನಾಮ್ಲಗಳನ್ನು ಯಕೃತ್ತಿನ ಕಡೆಗೆ ಹರಿಸುತ್ತಿರುತ್ತದೆ; ಯಕೃತ್ತು ಅವನ್ನು ಟ್ರೈಗ್ಲಿಸರೈಡ್‌ಗಳಾಗಿ ಮತ್ತೆ ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ, ಸಕ್ಕರೆ ಏರುತ್ತದೆ, ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ, ಒತ್ತಡವೂ ಏರುತ್ತದೆ. ಹೊಟ್ಟೆಯ ಕೊಬ್ಬಿಗೂ ತೊಡೆ-ನಿತಂಬಗಳ ಕೊಬ್ಬಿಗೂ ಪರಿಣಾಮದಲ್ಲಿ ವ್ಯತ್ಯಾಸವಿದೆ ಎಂದು ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಷ್ಟು ಹಿಂದೆಯೇ ಹೇಳಿದ್ದರು. ಈ ಸರಪಣಿಯಲ್ಲಿ ಇನ್ಸುಲಿನ್‌ನ ಮಾತು ಕೇಳದಿರುವುದರಿಂದ ಮುಂದಿನ ಭಾಗಕ್ಕೆ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಈಗ ನಾವು ಮೆಟಬಾಲಿಕ್ ಸಿಂಡ್ರೋಮ್ ಎನ್ನುವುದು ಅದಕ್ಕೆ ಹೊಟ್ಟೆಯನ್ನೂ ಸೇರಿಸಿದ್ದನ್ನು. 2009ರಲ್ಲಿ ಹಲವು ಸಂಸ್ಥೆಗಳು ಒಪ್ಪಿದ ವ್ಯಾಖ್ಯೆಯ ಪ್ರಕಾರ, ದೊಡ್ಡ ಹೊಟ್ಟೆ, 150 ಅಥವಾ ಮೇಲ್ಪಟ್ಟ ಟ್ರೈಗ್ಲಿಸರೈಡ್, ಗಂಡಸರಲ್ಲಿ 40ಕ್ಕೂ ಹೆಂಗಸರಲ್ಲಿ 50ಕ್ಕೂ ಕಡಿಮೆಯಿರುವ ಎಚ್‌ಡಿಎಲ್, 130/85 ಮುಟ್ಟಿದ ಒತ್ತಡ, 100 ಮುಟ್ಟಿದ ಖಾಲಿಹೊಟ್ಟೆಯ ಸಕ್ಕರೆ, ಈ ಐದರಲ್ಲಿ ಮೂರಿದ್ದರೆ ಸಾಕು. ಹೊಟ್ಟೆಗೆ ಯಾವ ಗಡಿ ಇಟ್ಟುಕೊಂಡರೂ ನಿಮ್ಮಲ್ಲಿ ಕನಿಷ್ಠ ನಾಲ್ಕಿವೆ. ಬಿಎಂಐ ಹಸಿರಿನಲ್ಲಿರುವುದು ಇದನ್ನು ಮುಚ್ಚಿಡುತ್ತಿದೆ, ಅಷ್ಟೆ.

ಪಾರ್ಶ್ವವಾಯು ಆದವರನ್ನು ಆಗದವರೊಂದಿಗೆ ಹೋಲಿಸಿದ ಇಂಟರ್‌ಸ್ಟ್ರೋಕ್ ಎಂಬ ಅಧ್ಯಯನ ನಿಮ್ಮ ಪ್ರಶ್ನೆಗೆ ಹತ್ತಿರದ್ದು. 2010ರ ಅದರ ಮೊದಲ ವರದಿಯಲ್ಲಿ ಪಾರ್ಶ್ವವಾಯುವಿಗೂ ಬಿಎಂಐಗೂ ಗಣನೀಯ ಸಂಬಂಧ ಕಾಣಲಿಲ್ಲ, ಹೊಟ್ಟೆ-ನಿತಂಬ ಅನುಪಾತಕ್ಕೆ ಸ್ಪಷ್ಟವಾಗಿ ಕಂಡಿತು. 32 ದೇಶಗಳಿಗೆ ವಿಸ್ತರಿಸಿದ 2016ರ ವರದಿಯಲ್ಲಿ, ಒಟ್ಟು ಪಾರ್ಶ್ವವಾಯುಗಳಲ್ಲಿ ಸುಮಾರು ಶೇಕಡಾ 48ಕ್ಕೆ ಅಧಿಕ ರಕ್ತದೊತ್ತಡವನ್ನೂ ಸುಮಾರು 19ಕ್ಕೆ ಈ ಅನುಪಾತವನ್ನೂ ಹೊಣೆ ಮಾಡಲಾಗಿತ್ತು. ಒಂದೇ ವ್ಯಕ್ತಿಯಲ್ಲಿ ಹಲವು ಕಾರಣಗಳು ಸೇರುವುದರಿಂದ ಇಂತಹ ಶೇಕಡಾವಾರುಗಳನ್ನು ಕೂಡಿಸಬಾರದು.

ಸಂಖ್ಯಾಪ್ರಿಯ

ನಾಡಿಮಿಡಿತ ಅವರು ಹೇಳಿದ್ದೆಲ್ಲ ಸರಿ, ಆದರೆ ಮೂಲ ಪ್ರಶ್ನೆ ‘ಯಾವುದು ಕಾರಣ’ ಎಂಬುದಲ್ಲ, ‘ಯಾವುದು ಮುಂದಿನದನ್ನು ಹೇಳಬಲ್ಲದು’ ಎಂಬುದು. ಇವೆರಡೂ ಒಂದೇ ಎಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ನಾನು ಸಂಖ್ಯಾಶಾಸ್ತ್ರದವನು, ವೈದ್ಯಕೀಯ ಸಲಹೆ ಕೊಡುವ ಅಧಿಕಾರ ನನಗಿಲ್ಲ, ಲೆಕ್ಕದ ಮಾತನ್ನು ಮಾತ್ರ ಆಡುತ್ತೇನೆ.

ಕಲ್ಪನೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಾವಿರ ಜನರಲ್ಲಿ 300 ಮಂದಿಗೆ ಹೊಟ್ಟೆ ದೊಡ್ಡದು, 700 ಮಂದಿಗೆ ಅಲ್ಲ. ಹತ್ತು ವರ್ಷಗಳಲ್ಲಿ ಮೊದಲ ಗುಂಪಿನ ಶೇಕಡಾ 6 ಮಂದಿಗೂ ಎರಡನೆಯ ಗುಂಪಿನ ಶೇಕಡಾ 4 ಮಂದಿಗೂ ಪಾರ್ಶ್ವವಾಯು ಆಗುತ್ತದೆ ಎಂದಿಟ್ಟುಕೊಳ್ಳಿ. ಅಪಾಯ ಒಂದೂವರೆ ಪಟ್ಟು. ಪತ್ರಿಕೆಯ ತಲೆಬರಹಕ್ಕೆ ಇಷ್ಟು ಧಾರಾಳ. ಈಗ ತಲೆಗಳನ್ನು ಎಣಿಸಿ: ದೊಡ್ಡ ಹೊಟ್ಟೆಯವರಲ್ಲಿ 18 ಮಂದಿ, ಉಳಿದವರಲ್ಲಿ 28 ಮಂದಿ. ಟೇಪನ್ನಷ್ಟೇ ನಂಬಿ ಕೂತಿದ್ದರೆ ಹೆಚ್ಚಿನವರು ನಮ್ಮ ಕೈತಪ್ಪಿ ಹೋಗಿರುತ್ತಿದ್ದರು, ಮತ್ತು ‘ಅಪಾಯದಲ್ಲಿದ್ದೀರಿ’ ಎಂದು ಹೆದರಿಸಿದ 300 ಮಂದಿಯಲ್ಲಿ 282 ಮಂದಿಗೆ ಏನೂ ಆಗಿರುತ್ತಿರಲಿಲ್ಲ. ಸಂಬಂಧ ನಿಜವೇ ಆಗಿದ್ದರೂ ಮುನ್ಸೂಚನೆ ದುರ್ಬಲವಾಗಿರಬಹುದು ಎಂದರೆ ಇದೇ.

ಎರಡನೆಯ ಮಾತು ಇನ್ನೂ ಮುಖ್ಯ. 2011ರಲ್ಲಿ 58 ಅಧ್ಯಯನಗಳ 2,21,934 ಜನರ ಮಾಹಿತಿಯನ್ನು ವಿಶ್ಲೇಷಿಸಿದವರು ಬಿಎಂಐ, ಹೊಟ್ಟೆಯ ಸುತ್ತಳತೆ, ಹೊಟ್ಟೆ-ನಿತಂಬ ಅನುಪಾತ ಮೂರನ್ನೂ ಪರೀಕ್ಷಿಸಿದರು. ಒಂಟಿಯಾಗಿ ನೋಡಿದಾಗ ಮೂರೂ ಹೃದಯಾಘಾತ ಮತ್ತು ಪಾರ್ಶ್ವವಾಯುವಿನೊಂದಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಸಂಬಂಧ ತೋರಿದವು. ಆದರೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟ್ರಾಲ್‌ಗಳ ಮಾಹಿತಿ ಈಗಾಗಲೇ ಕೈಯಲ್ಲಿರುವಾಗ ಈ ಅಳತೆಗಳನ್ನು ಸೇರಿಸಿದರೆ ಮುನ್ಸೂಚನೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಆಶ್ಚರ್ಯವೇನಿಲ್ಲ. ಹೊಟ್ಟೆ ಹೇಳಬೇಕಾದ ಸುದ್ದಿಯನ್ನು ರಕ್ತದೊತ್ತಡ ಆಗಲೇ ಹೇಳಿ ಮುಗಿಸಿರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದೀರ್ಘಕಾಲ ಅನುಸರಿಸಿದ ಅಧ್ಯಯನದವರು 1991ರಲ್ಲಿ ಪಾರ್ಶ್ವವಾಯುವಿನ ಅಪಾಯ ಲೆಕ್ಕ ಹಾಕಲು ರೂಪಿಸಿದ ಸೂತ್ರದಲ್ಲಿ ವಯಸ್ಸು, ಸಂಕೋಚನದ ಒತ್ತಡ (ರಕ್ತದೊತ್ತಡದ ಮೇಲಿನ ಸಂಖ್ಯೆ), ಒತ್ತಡಕ್ಕೆ ಔಷಧ ಸೇವನೆ, ಮಧುಮೇಹ, ಧೂಮಪಾನ, ಮೊದಲೇ ಇರುವ ಹೃದ್ರೋಗ, ಹೃತ್ಕರ್ಣದ ಕಂಪನ (ಹೃದಯದ ಮೇಲಿನ ಕೋಣೆಗಳ ಲಯತಪ್ಪಿದ ಬಡಿತ), ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಎಡ ಕೋಣೆಯ) ದಪ್ಪವಾಗುವಿಕೆ ಇವೆ. ತೂಕ ಅದರಲ್ಲಿ ಇಲ್ಲವೇ ಇಲ್ಲ.

ಟಿವೈಜಿಯ ಗೊಂದಲ ಬಿಡಿಸುವುದು ಸುಲಭ. ಟ್ರೈಗ್ಲಿಸರೈಡ್ ಮತ್ತು ಸಕ್ಕರೆಯನ್ನು ಗುಣಿಸಿ, ಎರಡರಿಂದ ಭಾಗಿಸಿ, ಆಮೇಲೆ ಸ್ವಾಭಾವಿಕ ಲಾಗರಿದಮ್ ತೆಗೆದುಕೊಳ್ಳುವುದು ಒಂದು ಕ್ರಮ: 190 ಗುಣಿಸು 108 ಎಂದರೆ 20,520; ಅದರ ಅರ್ಧ 10,260; ಅದರ ಲಾಗ್ 9.24. ಕೆಲವರು ಮೊದಲು ಲಾಗ್ ತೆಗೆದು ಆಮೇಲೆ ಎರಡರಿಂದ ಭಾಗಿಸುತ್ತಾರೆ. ಆಗ ಬರುವುದು 4.96. ಆವರಣ ಚಿಹ್ನೆ ಎಲ್ಲಿ ಮುಚ್ಚಬೇಕು ಎಂಬ ಈ ಗೊಂದಲ ಪ್ರಕಟಿತ ಲೇಖನಗಳಲ್ಲೇ ಇದೆ. ಎರಡರಲ್ಲಿ ಯಾವುದನ್ನು ಬಳಸಿದರೂ ಜನರ ಸಾಲು ಬದಲಾಗುವುದಿಲ್ಲ, ಆದರೆ ಒಂದರ ಗಡಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಅನರ್ಥ.

ಕುತೂಹಲಿ

ಹಾಗಾದರೆ ಟೇಪನ್ನು ಕಿಟಕಿಯಿಂದ ಹೊರಗೆ ಎಸೆಯಬಹುದೇ? ಸಂಖ್ಯಾಪ್ರಿಯರ ವಾದವನ್ನು ಕೊನೆಯವರೆಗೆ ಎಳೆದರೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇನ್ನೊಂದು ಸಂದೇಹ: ಪಾರ್ಶ್ವವಾಯು ಆದ ಮೇಲೆ ದಪ್ಪಗಿರುವವರೇ ಹೆಚ್ಚು ಕಾಲ ಬದುಕುತ್ತಾರೆ ಎಂದೂ ಓದಿದ್ದೇನೆ. ಅದು ನಿಜವಾದರೆ ತೂಕ ಶತ್ರುವೋ ಮಿತ್ರನೋ?

ಸಂಖ್ಯಾಪ್ರಿಯ

ಎಸೆಯಬೇಡಿ. ನಾನು ಹೇಳಿದ್ದು ರಕ್ತದ ವರದಿ ಮತ್ತು ಒತ್ತಡದ ಅಳತೆ ಕೈಯಲ್ಲಿ ಇರುವವರ ವಿಷಯ. ಅವು ಇಲ್ಲದ ಕಡೆ ದೇಹದ ಅಳತೆಗೆ ಬೆಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಅಪಾಯದ ಪಟ್ಟಿಗಳಲ್ಲಿ ಎರಡು ಬಗೆಗಳಿವೆ. ಪ್ರಯೋಗಾಲಯದ ಸೌಲಭ್ಯವಿದ್ದಲ್ಲಿ ಕೊಲೆಸ್ಟ್ರಾಲ್ ಮತ್ತು ಮಧುಮೇಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದಲ್ಲಿ ಅವೆರಡರ ಜಾಗದಲ್ಲಿ ಬಿಎಂಐ ಬಂದು ಕೂರುತ್ತದೆ. ವಯಸ್ಸು, ಲಿಂಗ, ಧೂಮಪಾನ, ಒತ್ತಡ ಎರಡರಲ್ಲೂ ಇವೆ. ಒತ್ತಡದ ಜಾಗವನ್ನು ಮಾತ್ರ ಯಾವ ಬದಲಿ ಅಳತೆಗೂ ಅವರು ಬಿಟ್ಟುಕೊಟ್ಟಿಲ್ಲ, ಗಮನಿಸಿ.

ಅಂದಹಾಗೆ, ಬಿಎಂಐಯ ಮೇಲೆ ಈಗ ನಾವು ಹೊರಿಸುತ್ತಿರುವ ಭಾರಕ್ಕೆ ಅದನ್ನು ಹುಟ್ಟುಹಾಕಿದವರು ಜವಾಬ್ದಾರರಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನ ಲಕ್ಷಣವನ್ನು, ರೋಗವನ್ನಲ್ಲ. ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಆ್ಯನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ.

ನಾಡಿಮಿಡಿತ

ಕುತೂಹಲಿಯವರ ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ‘ಸ್ಥೂಲತೆಯ ವಿರೋಧಾಭಾಸ’ ಎಂದು ಕರೆಯಲಾಗುವ ಆ ಫಲಿತಾಂಶ ಹಲವು ರೋಗಿ ಸಮೂಹಗಳಲ್ಲಿ ಕಂಡಿರುವುದು ನಿಜ. ಆದರೆ ಆಸ್ಪತ್ರೆಯ ಹಾಸಿಗೆಯ ಮೇಲಿರುವ ತೆಳ್ಳಗಿನ ರೋಗಿಯನ್ನು ಸ್ವಲ್ಪ ಗಮನಿಸಿ ನೋಡಿ. ಅವರಲ್ಲಿ ಹಲವರು ಮೊದಲಿನಿಂದ ತೆಳ್ಳಗಿದ್ದವರಲ್ಲ. ಬೇರೆ ಕಾಯಿಲೆಯಿಂದ, ಇಳಿವಯಸ್ಸಿನಿಂದ, ಧೂಮಪಾನದಿಂದ, ನುಂಗಲಾಗದ ಸ್ಥಿತಿಯಿಂದ ಸೊರಗಿದವರು. ಅವರ ಸಾವಿಗೆ ತೆಳ್ಳಗಿರುವುದು ಕಾರಣವಲ್ಲ, ತೆಳ್ಳಗಾಗಲು ಕಾರಣವಾದದ್ದೇ ಸಾವಿಗೂ ಕಾರಣ. ಜತೆಗೆ, ದಪ್ಪಗಿಲ್ಲದೆಯೂ ಪಾರ್ಶ್ವವಾಯು ಆಗಿದೆಯೆಂದರೆ ಬೇರೇನೋ ಪ್ರಬಲ ಕಾರಣ ಅಲ್ಲಿ ಇರಲೇಬೇಕು, ಮತ್ತು ಆ ಕಾರಣ ಆಮೇಲೂ ತನ್ನ ಕೆಲಸ ಮಾಡುತ್ತಿರುತ್ತದೆ. ಈಗಾಗಲೇ ಕಾಯಿಲೆಯಾದವರನ್ನು ಮಾತ್ರ ಗುಂಪುಗೂಡಿಸಿ ನೋಡಿದಾಗ ಇಂತಹ ನೆರಳುಗಳು ಬೀಳುತ್ತವೆ.

ಇದಕ್ಕಿಂತ ಗಂಭೀರವಾದ ತೊಡಕು ಬೇರೆ ಇದೆ. ‘ಪಾರ್ಶ್ವವಾಯು’ ಎಂಬ ಒಂದೇ ಪದದಲ್ಲಿ ನಾವು ಎರಡು ವಿರುದ್ಧ ಘಟನೆಗಳನ್ನು ಹಿಡಿದಿಡುತ್ತೇವೆ: ರಕ್ತನಾಳ ಮುಚ್ಚಿಹೋಗುವುದು ಮತ್ತು ರಕ್ತನಾಳ ಒಡೆಯುವುದು. ಬ್ರಿಟನ್ನಿನ ಸುಮಾರು 13 ಲಕ್ಷ ಮಹಿಳೆಯರನ್ನು ಅನುಸರಿಸಿದ ಅಧ್ಯಯನವೊಂದು 2017ರಲ್ಲಿ ವರದಿ ಮಾಡಿದಂತೆ, ಬಿಎಂಐ 5 ಅಂಶ ಏರಿದಂತೆಲ್ಲ ನಾಳ ಮುಚ್ಚುವ ಪಾರ್ಶ್ವವಾಯು ಸುಮಾರು ಶೇಕಡಾ 21ರಷ್ಟು ಹೆಚ್ಚಿತು, ರಕ್ತಸ್ರಾವದ ಪಾರ್ಶ್ವವಾಯು ಸುಮಾರು ಶೇಕಡಾ 11ರಷ್ಟು ಇಳಿಯಿತು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದರೆ ಆ ಸರಾಸರಿ ಯಾರದ್ದೂ ಅಲ್ಲದ ಉತ್ತರವಾಗುತ್ತದೆ. ಕೊಲೆಸ್ಟ್ರಾಲ್‌ನದೂ ಇದೇ ಕತೆ. ಒಟ್ಟು ಕೊಲೆಸ್ಟ್ರಾಲ್‌ಗೂ ಪಾರ್ಶ್ವವಾಯುವಿನ ಸಾವಿಗೂ ಸಂಬಂಧ ತೀರ ಸಡಿಲವೆಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದ್ದರೂ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಪಾರ್ಶ್ವವಾಯುವನ್ನು ತಡೆಯುತ್ತದೆ. ಈಗಾಗಲೇ ಪಾರ್ಶ್ವವಾಯು ಅಥವಾ ಅದರ ಕಿರುರೂಪ ಅನುಭವಿಸಿದ್ದ 4,731 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು ಐದು ವರ್ಷಗಳಲ್ಲಿ ಮತ್ತೆ ಪಾರ್ಶ್ವವಾಯು ಆದವರು ಔಷಧವಿಲ್ಲದ ಗುಂಪಿನಲ್ಲಿ ಶೇಕಡಾ 13.1, ಅಟೊರ್ವಾಸ್ಟ್ಯಾಟಿನ್ ಪಡೆದ ಗುಂಪಿನಲ್ಲಿ 11.2. ರಕ್ತಸ್ರಾವದ ಬಗೆ ಮಾತ್ರ ತುಸು ಹೆಚ್ಚಿತು.

ರಕ್ತದೊತ್ತಡಕ್ಕೆ ಈ ಇಬ್ಬಂದಿ ಇಲ್ಲ. ಅದು ಎರಡೂ ಬಗೆಗಳನ್ನು ಹೆಚ್ಚಿಸುತ್ತದೆ. 2002ರಲ್ಲಿ ಸುಮಾರು ಹತ್ತು ಲಕ್ಷ ಜನರ ಮಾಹಿತಿಯಿಂದ ತಿಳಿದದ್ದು ಇಷ್ಟು: 40ರಿಂದ 69 ವಯಸ್ಸಿನವರಲ್ಲಿ, ಮೇಲಿನ ಸಂಖ್ಯೆ 115ರಿಂದ ಆರಂಭಿಸಿ ಪ್ರತಿ 20 ಮಿ.ಮೀ. ಏರಿಕೆಗೂ ಪಾರ್ಶ್ವವಾಯುವಿನಿಂದ ಸಾಯುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಟೇಪುದಾರಿ

ಈ ಚರ್ಚೆಯಲ್ಲಿ ಎಲ್ಲರೂ 96 ಸೆಂ.ಮೀ. ಎಂಬುದನ್ನು ಕಲ್ಲಿನಲ್ಲಿ ಕೊರೆದ ಸಂಖ್ಯೆಯಂತೆ ಸ್ವೀಕರಿಸಿದ್ದು ನೋಡಿ ಬರೆಯಬೇಕೆನಿಸಿತು. ಸಮೀಕ್ಷೆಗಳಿಗಾಗಿ ಜನರ ದೇಹದ ಅಳತೆ ತೆಗೆಯುವವರಿಗೆ ನಾನು ತರಬೇತಿ ಕೊಡುತ್ತೇನೆ. ಮೊದಲ ದಿನ ಒಬ್ಬರನ್ನೇ ನಿಲ್ಲಿಸಿ ಎಲ್ಲರಿಂದ ಅಳೆಸುವುದು ನನ್ನ ಪದ್ಧತಿ. ಒಮ್ಮೆ ಒಂದೇ ಹೊಟ್ಟೆಗೆ ಒಂಬತ್ತು ಜನ ಕೊಟ್ಟ ಸಂಖ್ಯೆಗಳ ನಡುವೆ ಏಳು ಸೆಂ.ಮೀ. ಅಂತರವಿತ್ತು.

ತೊಂದರೆಯ ಒಂದು ಪಾಲು ನಮ್ಮ ಭಾಷೆಯಲ್ಲೇ ಇದೆ. ‘ಸೊಂಟ’ ಎಂದು ಹೇಳಿದರೆ ಒಬ್ಬರು ಪ್ಯಾಂಟಿನ ಪಟ್ಟಿ ಕೂರುವ ಜಾಗ ಅಳೆಯುತ್ತಾರೆ, ಇನ್ನೊಬ್ಬರು ಹೊಕ್ಕುಳಿನ ನೇರ, ಮತ್ತೊಬ್ಬರು ಮೂಳೆಯ ಮೇಲೆ. ಆದ್ದರಿಂದ ನಾನು ಆ ಪದವನ್ನೇ ಕೈಬಿಟ್ಟು, ಮೂಲ ಲೇಖಕರು ಬರೆದಂತೆ, ಹೊಟ್ಟೆ ಮತ್ತು ನಿತಂಬ ಎಂದೇ ಹೇಳಿಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ, ಪಕ್ಕೆಲುಬಿನ ಕೊನೆಯ ಅಂಚು ಮತ್ತು ಕೆಳಗಿನ ಸೊಂಟದ ಮೂಳೆಯ ಮೇಲಂಚು ಇವೆರಡನ್ನೂ ಬೆರಳಿನಿಂದ ಗುರುತಿಸಿ, ನಡುವಿನ ಮಟ್ಟದಲ್ಲಿ ಟೇಪು ಸುತ್ತಬೇಕು. ಅಮೆರಿಕದ ಕ್ರಮದಲ್ಲಿ ಆ ಮೂಳೆಯ ಅಂಚಿನ ಮೇಲೆಯೇ ಸುತ್ತುತ್ತಾರೆ. ಯಾವ ಕ್ರಮವಾದರೂ ಟೇಪು ನೆಲಕ್ಕೆ ಸಮಾಂತರವಾಗಿರಬೇಕು, ಚರ್ಮವನ್ನು ಒತ್ತಬಾರದು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ತಡೆಯುವುದು ಅಳೆಯುವವನ ನಿಜವಾದ ಪರೀಕ್ಷೆ. ಟೇಪು ಕಂಡ ಕೂಡಲೇ ಎಂಥವರೂ ಉಸಿರು ಬಿಗಿಹಿಡಿಯುತ್ತಾರೆ.

ಹೊಟ್ಟೆ-ನಿತಂಬ ಅನುಪಾತದಲ್ಲಿ ಎರಡು ಅಳತೆಗಳ ತಪ್ಪು ಸೇರಿಕೊಳ್ಳುತ್ತದೆ. ಅದಕ್ಕೇ ನನಗೆ ಎತ್ತರದೊಂದಿಗೆ ಹೋಲಿಸುವ ಅಳತೆ ಹಿಡಿಸುತ್ತದೆ: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಇದನ್ನೇ ಸಾಮಾನ್ಯ ಜನರಿಗೆ ಶಿಫಾರಸು ಮಾಡಿತು. ಗಂಡಸಿಗೊಂದು, ಹೆಂಗಸಿಗೊಂದು, ಒಂದೊಂದು ಜನಾಂಗಕ್ಕೊಂದು ಗಡಿಯೆಂಬ ಗೋಜಲು ಇದರಲ್ಲಿ ಇಲ್ಲ. ಒಂದು ದಾರ ಇದ್ದರೂ ಸಾಕು. ಮೂಲ ಲೇಖಕರು ದಯವಿಟ್ಟು ಮತ್ತೆ ಅಳೆದು ತಿಳಿಸಬೇಕು.

ಕುತೂಹಲಿ

ಟಿವೈಜಿಯಂತಹ ಸೂಚ್ಯಂಕಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹುಡುಕಿದರೆ ಇಂತಹ ಹೆಸರುಗಳ ಸಂತೆಯೇ ಇದೆ: ಎಬಿಎಸ್‌ಐ, ವಿಎಐ, ಎಲ್‌ಎಪಿ, ಸಿಎಂಐ, ಡಬ್ಲ್ಯುಡಬ್ಲ್ಯುಐ. ಪ್ರತಿಯೊಂದರ ಲೇಖನವೂ ಪಾರ್ಶ್ವವಾಯುವಿನೊಂದಿಗೆ ‘ಸ್ವತಂತ್ರ ಸಂಬಂಧ’ ಇದೆ ಎನ್ನುತ್ತದೆ. ಎಲ್ಲವೂ ಸ್ವತಂತ್ರವಾಗಿರಲು ಹೇಗೆ ಸಾಧ್ಯ?

ಸಂಖ್ಯಾಪ್ರಿಯ

ಸಾಧ್ಯವಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಇವೆಲ್ಲ ಕೆಲವೇ ಕಚ್ಚಾ ಸಂಖ್ಯೆಗಳನ್ನು, ಅಂದರೆ ಎತ್ತರ, ತೂಕ, ಹೊಟ್ಟೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಸಕ್ಕರೆ ಇವುಗಳನ್ನು ಬೇರೆ ಬೇರೆ ರೀತಿಯಲ್ಲಿ ಗುಣಿಸಿ ಭಾಗಿಸಿ ಪಡೆದವು. ಸಿಎಂಐ ಎಂದರೆ ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತವನ್ನು ಹೊಟ್ಟೆ-ಎತ್ತರ ಅನುಪಾತದಿಂದ ಗುಣಿಸಿದ್ದು. ಡಬ್ಲ್ಯುಡಬ್ಲ್ಯುಐ ಎಂದರೆ ಹೊಟ್ಟೆಯ ಸುತ್ತಳತೆಯನ್ನು ತೂಕದ ವರ್ಗಮೂಲದಿಂದ ಭಾಗಿಸಿದ್ದು. ಅದೇ ಹಿಟ್ಟಿಗೆ ಬೇರೆ ಬೇರೆ ಅಚ್ಚು. ಎಲ್ಲವೂ ವ್ಯರ್ಥವೆಂದು ನಾನು ಹೇಳುವುದಿಲ್ಲ. ಟಿವೈಜಿಯನ್ನು ಇನ್ಸುಲಿನ್ ಪ್ರತಿರೋಧದ, ಅಂದರೆ ದೇಹ ಇನ್ಸುಲಿನ್‌ನ ಮಾತು ಕೇಳದಿರುವುದರ, ಅಗ್ಗದ ಬದಲಿ ಅಳತೆಯಾಗಿ ರೂಪಿಸಲಾಯಿತು. ಇನ್ಸುಲಿನ್ ಅಳೆಯದೆಯೇ ಅದರ ಸುಳಿವು ಸಿಗುತ್ತದೆ. ಎಬಿಎಸ್‌ಐ ರೂಪಿಸಿದವರ ಯೋಚನೆಯೂ ಚೊಕ್ಕವಾಗಿತ್ತು: ಎತ್ತರ ಮತ್ತು ತೂಕ ಹೇಳುವುದನ್ನು ಕಳೆದ ಮೇಲೆ ಹೊಟ್ಟೆ ಹೆಚ್ಚುವರಿಯಾಗಿ ಏನು ಹೇಳುತ್ತದೆ ಎಂದು ಅವರು 2012ರಲ್ಲಿ ಕೇಳಿದರು.

ನನ್ನ ತಕರಾರು ಲೇಖನಗಳ ಬಗೆಯ ಮೇಲೆ. ಬಹಿರಂಗವಾಗಿ ಸಿಗುವ ಸಮೀಕ್ಷೆಯ ಮಾಹಿತಿಯನ್ನು ಇಳಿಸಿಕೊಂಡು, ‘ನಿಮಗೆ ಪಾರ್ಶ್ವವಾಯು ಆಗಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದರೇ’ ಎಂಬ ಪ್ರಶ್ನೆಗೆ ಹೌದು ಎಂದವರ ಇಂದಿನ ಸೂಚ್ಯಂಕವನ್ನು ಉಳಿದವರದರೊಂದಿಗೆ ಹೋಲಿಸುವ ಲೇಖನಗಳು ಬಹಳ. ಇದನ್ನು ಮುನ್ಸೂಚನೆ ಎನ್ನುವುದು ಹೇಗೆ? ಘಟನೆ ಮೊದಲು ನಡೆದಿದೆ, ಅಳತೆ ಆಮೇಲೆ ಆಗಿದೆ. ಪಾರ್ಶ್ವವಾಯುವಿನ ನಂತರ ಓಡಾಟ ಕಡಿಮೆಯಾಗಿ ಹೊಟ್ಟೆ ಬೆಳೆದಿರಬಹುದು, ಔಷಧದಿಂದ ಕೊಲೆಸ್ಟ್ರಾಲ್ ಇಳಿದಿರಬಹುದು, ಮಾತು ಕಳೆದುಕೊಂಡವರು ಮತ್ತು ತೀರಿಕೊಂಡವರು ಸಮೀಕ್ಷೆಗೆ ಸಿಗುವುದೇ ಇಲ್ಲ. ಇಂಟರ್‌ಸ್ಟ್ರೋಕ್ ಕೂಡ ಘಟನೆಯ ನಂತರ ಅಳೆದದ್ದೇ. ಆದರೆ ಅಲ್ಲಿ ಅಳತೆಯಾದದ್ದು ಆಸ್ಪತ್ರೆಗೆ ಸೇರಿದ ಹೊಸದರಲ್ಲಿ, ಅಷ್ಟರೊಳಗೆ ಹೊಟ್ಟೆಯಾಗಲಿ ನಿತಂಬವಾಗಲಿ ಬದಲಾಗುವಷ್ಟು ಸಮಯವಿರುವುದಿಲ್ಲ.

ಮುನ್ಸೂಚಕವೆಂದು ಒಪ್ಪಲು ನಾನು ಕೇಳುವುದು ಒಂದೇ. ಮುಂದೆ ಪಾರ್ಶ್ವವಾಯು ಆದ ಒಬ್ಬರನ್ನೂ ಆಗದ ಒಬ್ಬರನ್ನೂ ಎದುರಿಗಿಟ್ಟರೆ, ಮೊದಲನೆಯವರಿಗೆ ಹೆಚ್ಚು ಅಂಕ ಕೊಡುವುದು ನೂರರಲ್ಲಿ ಎಷ್ಟು ಸಲ? ವಯಸ್ಸು ಮತ್ತು ಒತ್ತಡ ಗೊತ್ತಿರುವಾಗ ಆ ಲೆಕ್ಕ ಎಷ್ಟು, ಹೊಸ ಸೂಚ್ಯಂಕ ಸೇರಿಸಿದ ಮೇಲೆ ಎಷ್ಟು? ಎರಡರ ನಡುವಿನ ಅಂತರವೇ ಆ ಸೂಚ್ಯಂಕದ ಯೋಗ್ಯತೆ. ಅನೇಕ ಲೇಖನಗಳಲ್ಲಿ ಆ ಅಂತರ ಕೊನೆಯ ಕೋಷ್ಟಕದ ಮೂರನೆಯ ದಶಮಾಂಶದಲ್ಲಿ ಅಡಗಿ ಕೂತಿರುತ್ತದೆ, ತಲೆಬರಹಕ್ಕೆ ಎಂದೂ ಏರುವುದಿಲ್ಲ.

ಹಳೆಯ ಓದುಗ

ಒಂದು ಸಣ್ಣ ಪ್ರಶ್ನೆ. ತೂಕ ಇಳಿಸಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂದು ಪ್ರಯೋಗದಿಂದ ಸಾಬೀತಾಗಿದೆಯೇ?

ನಾಡಿಮಿಡಿತ

ನೇರವಾಗಿ ಹೌದು ಎನ್ನುವಷ್ಟು ಆಗಿಲ್ಲ. ತೂಕ ಹೆಚ್ಚಿರುವ 5,145 ಮಧುಮೇಹಿಗಳಲ್ಲಿ ಆಹಾರ ಮತ್ತು ವ್ಯಾಯಾಮದ ಮೂಲಕ ತೂಕ ಇಳಿಸಲು ಯತ್ನಿಸಿದ ಲುಕ್ ಅಹೆಡ್ ಎಂಬ ಅಮೆರಿಕದ ಪ್ರಯೋಗವನ್ನು, ಹೃದಯ ಮತ್ತು ರಕ್ತನಾಳದ ಘಟನೆಗಳು ಕಡಿಮೆಯಾಗುತ್ತಿಲ್ಲವೆಂದು 2012ರಲ್ಲಿ ನಿಲ್ಲಿಸಬೇಕಾಯಿತು. ಸೆಮಾಗ್ಲುಟೈಡ್ ಚುಚ್ಚುಮದ್ದಿನ 2023ರ ಪ್ರಯೋಗದಲ್ಲಿ, ಮಧುಮೇಹವಿಲ್ಲದ ಆದರೆ ಹೃದ್ರೋಗ ಮುಂತಾದವುಗಳಿದ್ದ 17,604 ಜನರಲ್ಲಿ ಒಟ್ಟು ಘಟನೆಗಳು ಶೇಕಡಾ 20ರಷ್ಟು ಇಳಿದವು, ಆದರೆ ಪಾರ್ಶ್ವವಾಯುವನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಲಾಭ ಸ್ಪಷ್ಟವಾಗಲಿಲ್ಲ. ಇದಕ್ಕೆ ಪ್ರತಿಯಾಗಿ, 2016ರಲ್ಲಿ 123 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮೇಲಿನ ಒತ್ತಡವನ್ನು 10 ಮಿ.ಮೀ. ಇಳಿಸಿದರೆ ಪಾರ್ಶ್ವವಾಯು ಶೇಕಡಾ 27ರಷ್ಟು ಕಡಿಮೆಯಾಗಿತ್ತು. ತೂಕ ಇಳಿಸಬಾರದೆಂದು ಇದರ ಅರ್ಥವಲ್ಲ. ತೂಕ ಇಳಿದರೆ ಒತ್ತಡವೂ ಸಕ್ಕರೆಯೂ ಇಳಿಯುತ್ತವೆ. ಆದರೆ ‘ಮೊದಲು ಹತ್ತು ಕಿಲೊ ಇಳಿಸುತ್ತೇನೆ, ಒತ್ತಡದ ಮಾತ್ರೆ ಆಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡಿದವರನ್ನು ನಾನು ನನ್ನ ವಾರ್ಡಿನಲ್ಲಿ ಕಂಡಿದ್ದೇನೆ.

ಮೂಲ ಲೇಖಕರಿಗೆ ಇನ್ನೊಂದು ಮಾತು. ನಿಮ್ಮ ಆ್ಯಪ್‌ನಲ್ಲಿ ಇಲ್ಲದ ಒಂದು ವಿಷಯವಿದೆ: ನಾಡಿಯ ಲಯ. ಹೃತ್ಕರ್ಣದ ಕಂಪನವಿದ್ದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟಾಗುತ್ತದೆ ಎಂದು ಫ್ರೇಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿತ್ತು. ಅದನ್ನು ಟೇಪೂ ಹೇಳುವುದಿಲ್ಲ, ಟ್ರೈಗ್ಲಿಸರೈಡೂ ಹೇಳುವುದಿಲ್ಲ. ಒಂದು ಇಸಿಜಿ ಮಾಡಿಸಿ. ಒತ್ತಡವನ್ನು ಮನೆಯಲ್ಲಿ ಒಂದು ವಾರ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆದು ಸರಾಸರಿ ತೆಗೆಯಿರಿ. ಮನೆಯ ಅಳತೆಗೆ ಗಡಿ 135/85.

ಅಳತೆಪಟ್ಟಿ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಟೇಪುದಾರಿಯವರು ಹೇಳಿದ ಮಟ್ಟದಲ್ಲಿ ಅಳೆದಾಗ ಹೊಟ್ಟೆ 93 ಸೆಂ.ಮೀ. ಬಂತು, ಮೊದಲು ಹೊಕ್ಕುಳಿನ ನೇರಕ್ಕೆ ಅಳೆದಿದ್ದೆ. ಮೂರು ಸೆಂ.ಮೀ. ಕುಗ್ಗಿದರೂ ನನ್ನ ಎತ್ತರದ ಅರ್ಧ 84, ಆದ್ದರಿಂದ ಸಂತೋಷಪಡುವಂತಿಲ್ಲ. ಇಸಿಜಿ ಸಹಜವಾಗಿದೆ. ಅಣ್ಣನ ಮನೆಯಿಂದ ರಕ್ತದೊತ್ತಡದ ಯಂತ್ರ ತಂದು ಒಂದು ವಾರ ಅಳೆದುಕೊಂಡೆ. ಸರಾಸರಿ 129/81. ಗಡಿಯಿಂದ ಸಾಕಷ್ಟು ಕೆಳಗಿದೆ, ಅಲ್ಲವೇ?

ಟೇಪುದಾರಿ

ಒಂದು ನಿಮಿಷ. ಅಣ್ಣನ ಯಂತ್ರ ಎಂದಿರಿ. ಅವರು ಸ್ಥೂಲಕಾಯದವರು ಎಂದೂ ಮೊದಲೇ ಬರೆದಿದ್ದೀರಿ. ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಯಾವ ಅಳತೆ ಮುದ್ರಿಸಿದೆ? ನಿಮ್ಮ ತೋಳಿನ ನಡುಭಾಗದ ಸುತ್ತಳತೆ ಎಷ್ಟು? ಇಷ್ಟೆಲ್ಲ ಅಳತೆಗಳ ನಡುವೆ ಇದೊಂದನ್ನು ಯಾರೂ ಕೇಳಲಿಲ್ಲ. ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಸಂಖ್ಯೆ ಸುಮಾರು 20 ಮಿ.ಮೀ. ಹೆಚ್ಚು ಬಂದಿತ್ತು. ಪಟ್ಟಿ ದೊಡ್ಡದಾದರೆ ಉಲ್ಟಾ, ಕೆಲವು ಮಿ.ಮೀ. ಕಡಿಮೆ ತೋರುತ್ತದೆ.

ಅಳತೆಪಟ್ಟಿ

ಪಟ್ಟಿಯ ಮೇಲೆ 32–42 ಸೆಂ.ಮೀ. ಎಂದಿದೆ. ನನ್ನ ತೋಳು 27.

ಅಳತೆಪಟ್ಟಿ

ಇನ್ನೊಂದು ವಾರ ಕಳೆಯಿತು. ನನ್ನ ತೋಳಿಗೆ ಹೊಂದುವ ಪಟ್ಟಿ ಕೊಂಡು, ಅದೇ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆದೆ. ಸರಾಸರಿ 134/84. ಎರಡೂ ಪಟ್ಟಿಯ ಬರಹಗಳನ್ನು ತೆಗೆದುಕೊಂಡು ಸೋಮವಾರ ವೈದ್ಯರನ್ನು ನೋಡುತ್ತಿದ್ದೇನೆ. ಆ್ಯಪ್ ಈ ಸಂಖ್ಯೆಗೂ ಹಳದಿ ಬಣ್ಣವನ್ನೇ ಕೊಟ್ಟಿದೆ.